ಲೂಯಿಸನನ್ನು ಬೀಳಿಸಿದವರು ಯಾರು

ತೋಲ್ಪೆಟ್ಟಿ
26 ಆಗಸ್ಟ್ 2025

ಗುರುಮಲ್ಲಣ್ಣನವರಿಗೆ,

ಭಾನುವಾರದಿಂದ ನಿಮ್ಮ ಫೋನು ಬರುತ್ತಲೇ ಇದೆ. ಬೇಕೆಂದೇ ತೆಗೆದಿಲ್ಲ. ಗಡಿಯಾಚೆಯ ಕುಟ್ಟದಿಂದ ಕೇರಳದ ನಮ್ಮ ಮನೆಗೆ ಆರು ಕಿಲೋಮೀಟರ್, ಬೈಕಿನಲ್ಲಿ ಕಾಲು ಗಂಟೆ. ಆದರೂ ಬರಬೇಡಿ. ನೀವೂ ನಮ್ಮವರೂ ಇಪ್ಪತ್ತೆರಡು ವರ್ಷ ಕಾಗದದಲ್ಲೇ ಆಡಿದಿರಿ, ನನಗೂ ಕಾಗದದಲ್ಲೇ ಉತ್ತರ ಕೊಡಿ. ಎದುರಿಗೆ ಕೂತರೆ ನೀವು ಅಳುತ್ತೀರಿ, ನಾನು ಕಾಫಿ ಮಾಡಲು ಏಳುತ್ತೇನೆ, ಕೇಳಬೇಕಾದದ್ದು ಹಾಗೇ ಉಳಿಯುತ್ತದೆ.

ನಮ್ಮೂರಿನ ಲೈಬ್ರರಿ, ವಾಯನಶಾಲೆಯಲ್ಲಿ ಇವರ ನೆನಪಿನ ಸಭೆ ಇಟ್ಟಾಗ ನಾನು ಬರುವುದಿಲ್ಲ ಎಂದಿದ್ದೆ. ಸೆಕ್ರೆಟರಿ ಸುಕುಮಾರನ್ ಮನೆಗೇ ಬಂದು, 'ಚೇಚಿ ಬರ್ಲೇಬೇಕು. ಪ್ರಸಾದೇಟ್ಟನೂ ಇಲ್ಲ, ಚೇಚಿಯೂ ಇಲ್ಲ ಅಂದ್ರೆ ಆ ಬಾಗ್ಲು ಯಾಕೆ ತೆರೀಬೇಕು?' ಎಂದು ಕರೆದುಕೊಂಡು ಹೋದರು. ಮಾನಸಾಳೂ ಬಂದಳು. ಅಪ್ಪ ಹೋದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಅವತ್ತೇ ಮೊದಲು.

ನೀವು ಎದ್ದು ನಿಂತು, 'ಪ್ರಸಾದ ಅರ್ಧಕ್ಕೆ ಬಿಟ್ಟುಹೋದ ಆಟವನ್ನು ನಾನೇ ಬರೆದು ಮುಗಿಸಿದ್ದೇನೆ' ಎಂದಿರಿ. ಹನ್ನೊಂದನೇ ಸುತ್ತು ಓದಿದಿರಿ. ಅದರಲ್ಲಿ ಇವರ ಜೋ ಲೂಯಿಸ್ ಬಿದ್ದ. ರೆಫರಿ ಹತ್ತು ಎಣಿಸಿದರೂ ಏಳಲಿಲ್ಲ. ನಿಮ್ಮ ಮಹಮ್ಮದ್ ಅಲಿ ಗೆದ್ದ.

ನಾನು ಎಂಟನೇ ಕ್ಲಾಸು ಓದಿದವಳು, ಬಾಕ್ಸಿಂಗ್ ನನಗೆ ತಿಳಿಯದು. ಆದರೆ ನಿಮ್ಮ ಆಟದ ನಿಯಮ ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಬೇರೆ ಬೇರೆ ಕಾಲದ ಇಬ್ಬರು ಹೆವಿವೇಟ್‌ಗಳನ್ನು ಎದುರುಬದುರು ನಿಲ್ಲಿಸಬೇಕು. ಒಬ್ಬ ನಿಮ್ಮ ಆಳು, ಒಬ್ಬ ಇವರ ಆಳು. ಇಬ್ಬರೂ ತಮ್ಮ ಜೀವನದ ಒಳ್ಳೆಯ ವರ್ಷದಲ್ಲಿ ಹೇಗಿದ್ದರೋ ಹಾಗೆಯೇ ಬರಬೇಕು. ಒಂದು ಪತ್ರಕ್ಕೆ ಒಂದು ಸುತ್ತು, ಒಂದು ಸಲ ಇವರದು, ಒಂದು ಸಲ ನಿಮ್ಮದು. ಬಂದ ಸುತ್ತನ್ನು ಭಾನುವಾರ ವಾಯನಶಾಲೆಯಲ್ಲಿ ಓದಬೇಕು. ಹೊಡೆತವನ್ನು ಯಾರು ಬೇಕಾದರೂ ಬರೆಯಬಹುದು. ಬೀಳುವುದನ್ನು ಮಾತ್ರ ಆ ಆಳಿನ ಒಡೆಯನೇ ಬರೆಯಬೇಕು. ಎದುರಾಳಿಯ ಆಳನ್ನು ಬೀಳಿಸುವ ಹಕ್ಕು ಯಾರಿಗೂ ಇಲ್ಲ.

ಮಾರ್ಸಿಯಾನೊಗೂ ಟೈಸನ್‌ಗೂ ಆದ ಆಟದಲ್ಲಿ ಟೈಸನ್ ಇವರ ಆಳಾಗಿದ್ದ. ನಾಲ್ಕನೇ ಸುತ್ತಿನಿಂದ ಅವನಿಗೆ ಪೆಟ್ಟು ಬೀಳುತ್ತಲೇ ಇದ್ದರೂ ಒಂಬತ್ತನೇ ಸುತ್ತಿನವರೆಗೆ ಇವರು ಅವನನ್ನು ಬೀಳಿಸಲಿಲ್ಲ. ಕೊನೆಗೆ ತಾವೇ ಬೀಳಿಸಿ, ಅವತ್ತು ಮಧ್ಯಾಹ್ನ ಊಟಕ್ಕೂ ಬರದೆ ತಮ್ಮ ರಿಪೇರಿ ಅಂಗಡಿಯಲ್ಲೇ ಮೋಟರಿಗೆ ತಂತಿ ಸುತ್ತುತ್ತಾ ಕೂತಿದ್ದರು. ಅಷ್ಟು ನಿಯತ್ತಿನ ಆಟ ಅದು.

ಚಾತನ್ ಮಾಮ ಹಿಂದಿನ ಬೆಂಚಿನಿಂದ ಕೂಗಿದ್ದು ನಿಮಗೂ ಕೇಳಿಸಿತು. 'ಫೌಲು! ಮೇಷ್ಟ್ರೇ, ಇದು ಫೌಲು! ಅವ ಇಲ್ದಾಗ ಅವನಾಳ್ನ ಬೀಳ್ಸೋದಾ? ಬದ್ಕಿದ್ದಾಗ ಬೀಳ್ಸೋಕೆ ಆಗ್ಲಿಲ್ಲ ನಿಮ್ ಕೈಲಿ!' ಯಾರೂ ನಗಲಿಲ್ಲ. ನೀವು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಟೇ ಹೋದಿರಿ.

ನನ್ನ ಪ್ರಶ್ನೆ ಒಂದೇ. ಲೂಯಿಸನನ್ನು ಬೀಳಿಸಿದವರು ಯಾರು? ನೀವೇ ಆದರೆ, ಯಾಕೆ?

ಪ್ರೇಮಲತಾ

*

ಕುಟ್ಟ
3 ಸೆಪ್ಟೆಂಬರ್ 2025

ತಂಗಿ ಪ್ರೇಮಾ,

ನಿನ್ನ ಪತ್ರ ನಿನ್ನೆ ಕೈಸೇರಿತು. ಬೆಟ್ಟ ಇಳಿದು ಊರೂರು ಸುತ್ತಿ, ಮತ್ತೆ ಈ ಕಡೆಯಿಂದ ಬೆಟ್ಟ ಹತ್ತಿ ಬಂದಿದೆ. ನಿಮ್ಮ ಚೆಕ್‌ಪೋಸ್ಟಿನ ಲೈಟು ನಮ್ಮ ಸ್ಕೂಲಿನ ತಿರುವಿನಿಂದ ಕಾಣುತ್ತದೆ. ಕಾಗದಕ್ಕೆ ಮಾತ್ರ ಒಂದು ವಾರ ಬೇಕು. ಪ್ರಸಾದ ಇದನ್ನೇ ಹೇಳಿ ನಗುತ್ತಿದ್ದ.

ನಾನೇ ಬೀಳಿಸಿದೆ. ತಪ್ಪು ನನ್ನದು.

ಜನ ಕೇಳುತ್ತಿದ್ದರು. ಬಸ್‌ಸ್ಟಾಂಡಿನಲ್ಲಿ, ಸೊಸೈಟಿಯಲ್ಲಿ, 'ಲೂಯಿಸ್ ಏನಾದ ಮೇಷ್ಟ್ರೇ?' ಅಂತ. ಆಟ ಹತ್ತನೇ ಸುತ್ತಿನಲ್ಲೇ ನಿಂತರೆ ಪ್ರಸಾದನೂ ಅಲ್ಲೇ ನಿಂತಿರುತ್ತಾನೆ ಎನ್ನಿಸಿತು. ಮುಗಿಸಿಬಿಟ್ಟರೆ ಅವನಿಗೂ ಬಿಡುಗಡೆ, ನನಗೂ ಬಿಡುಗಡೆ ಎಂದುಕೊಂಡೆ. ಇನ್ನು ಆಟದ ಮಾತು. ಲೂಯಿಸ್‌ಗೆ ಒಂದು ದೋಷವಿತ್ತು. ಎಡಗೈಯಿಂದ ಜ್ಯಾಬ್, ಅಂದರೆ ಚುಟುಕು ನೇರ ಗುದ್ದು, ಹಾಕಿ ವಾಪಸ್ ಎಳೆದುಕೊಳ್ಳುವಾಗ ಆ ಕೈ ಕೆಳಗಿಳಿಯುತ್ತಿತ್ತು. 1936ರಲ್ಲಿ ಜರ್ಮನಿಯ ಶ್ಮೆಲಿಂಗ್ ಅದನ್ನು ಕಂಡುಹಿಡಿದೇ ಅವನನ್ನು ಸೋಲಿಸಿದ. ಅಲಿಯ ಕಣ್ಣಿಗೆ ಅದು ಬೀಳದೆ ಇರುತ್ತಿತ್ತೇ? ಎಂದಾದರೂ ಒಂದು ದಿನ ಅವನು ಬೀಳಲೇಬೇಕಿತ್ತು. ಹಿಂದೆ ಅಮೆರಿಕದಲ್ಲಿ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಅಲಿಗೂ ಮಾರ್ಸಿಯಾನೊಗೂ ಆಟ ಕಟ್ಟಿದ್ದರು. ಯಂತ್ರ ಮಾರ್ಸಿಯಾನೊ ಗೆದ್ದ ಎಂದಿತ್ತು. ಅದನ್ನು ಓದಿ ಪ್ರಸಾದ, 'ಯಂತ್ರಕ್ಕೇನು ಗೊತ್ತು, ಅದಕ್ಕೆ ಬಿದ್ದು ಗೊತ್ತಾ?' ಎಂದಿದ್ದ.

ಕ್ಷಮಿಸು ಎಂದು ಬರೆಯುತ್ತಿದ್ದೇನೆ. ಮಾನಸಾಳಿಗೆ ಹೇಳು, ಯಾರ ಕೈಯಲ್ಲೂ ಏನೂ ಇರಲಿಲ್ಲ. ಅವಳು ಡ್ಯೂಟಿಗೆ ಹೋಗಲಿ.

ನಿನ್ನ ಅಣ್ಣನಂಥವನು,
ಗುರುಮಲ್ಲಪ್ಪ

*

ತೋಲ್ಪೆಟ್ಟಿ
10 ಸೆಪ್ಟೆಂಬರ್ 2025

ಗುರುಮಲ್ಲಪ್ಪ ಮೇಷ್ಟ್ರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬಿಡುಗಡೆ ಎಂಬ ಮಾತು ನನಗೆ ಚುಚ್ಚಿತು. ಇವರನ್ನು ಬೀಳಿಸಿ ನೀವು ಬಿಡುಗಡೆ ಮಾಡಿಕೊಂಡಿರಿ. ನಮಗೆ ಎಲ್ಲಿದೆ?

ಮಾನಸಾಳಿಗೆ ಹೇಳು ಎಂದು ಸುಲಭವಾಗಿ ಬರೆದಿದ್ದೀರಿ. ಅವಳಿಗೆ ಏನಾಗಿದೆ ಎಂದು ಬಿಡಿಸಿ ಹೇಳುತ್ತೇನೆ. ಕೋಯಿಕ್ಕೋಡಿನ ಆಸ್ಪತ್ರೆಯಲ್ಲಿ ಅವಳು ಆರು ವರ್ಷದಿಂದ ನರ್ಸು. ಅಪ್ಪ ಹೋಗುವುದಕ್ಕೆ ಮೂರು ವಾರ ಮೊದಲು ಅವಳಿಗೆ ಫೋನು ಮಾಡಿ, 'ಬೆನ್ನು ನೋಯ್ತದೆ ಮಗಾ, ಒಳಗೊಳಗೇ' ಎಂದಿದ್ದರಂತೆ. ಅವಳು ಡ್ಯೂಟಿಯಲ್ಲಿದ್ದಳು. 'ಮೋಟರ್ ಎತ್ಬೇಡಿ ಅಂದ್ರೆ ಕೇಳಲ್ಲ ನೀವು. ಬಾಮ್ ಹಚ್ಕೊಂಡು ಮಲಗಿ' ಎಂದು ಇಟ್ಟುಬಿಟ್ಟಳಂತೆ. ಜುಲೈ 20ರ ಬೆಳಿಗ್ಗೆ ಇವರು ಹಲ್ಲುಜ್ಜುತ್ತಾ ನಲ್ಲಿಯ ಹತ್ತಿರ ಕುಸಿದರು. ಎದೆಯ ದೊಡ್ಡ ರಕ್ತನಾಳ ಊದಿಕೊಂಡು ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಂಥ ಊತ ಬೆನ್ನುನೋವಾಗಿಯೂ ಕಾಣಿಸುತ್ತದಂತೆ. ಅದು ಅವಳು ಓದಿದ ಪಾಠ.

ಅವತ್ತಿನಿಂದ ಅವಳು ಹೇಳುವುದು ಒಂದೇ ಮಾತು. 'ನರ್ಸು ನಾನು. ಅಪ್ಪ ನನ್ನನ್ನೇ ಕೇಳಿದ್ರು. ನಾನು ಬಾಮ್ ಅಂದೆ.' ಕೆಲಸಕ್ಕೆ ರಾಜೀನಾಮೆ ಬರೆದು ಇಟ್ಟಿದ್ದಾಳೆ, ಕಳಿಸುವುದೊಂದು ಬಾಕಿ. ಇನ್ನೊಬ್ಬರ ನಾಡಿ ಹಿಡಿಯುವ ಯೋಗ್ಯತೆ ತನಗಿಲ್ಲವಂತೆ.

ಅಂಥವಳನ್ನು ಕೂರಿಸಿಕೊಂಡು ನೀವು, ಅವಳ ಅಪ್ಪನ ಆಳು ಏಳಲಿಲ್ಲ ಎಂದು ಓದಿದಿರಿ. ಮನೆಗೆ ಬಂದು ಅವಳು ಏನೆಂದಳು ಗೊತ್ತೇ? 'ಮೇಷ್ಟ್ರು ಸರಿಯಾಗೇ ಬರ್ದಿದ್ದಾರಮ್ಮ. ಹೊಡೆದವಳು ನಾನು.'

ಚಾತನ್ ಮಾಮ ಈಗ ಭಾನುವಾರ ವಾಯನಶಾಲೆಗೆ ಬರುತ್ತಿಲ್ಲ. ಇಷ್ಟು ವರ್ಷ ಅವನು ಯಾವ ಆಟದಲ್ಲೂ ಇವರ ಆಳಿನ ಪಕ್ಷವನ್ನೇ ಹಿಡಿದವನು. ನಿಮ್ಮ ಅಲಿಯನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. 'ಹೊಡ್ಯಾಕ್ ಬಂದವ್ನಾ, ಕುಣ್ಯಾಕ್ ಬಂದವ್ನಾ ಅವ?' ಎಂದು ನಿಮ್ಮನ್ನು ರೇಗಿಸುತ್ತಿದ್ದ. ಮೊನ್ನೆ ಬಾವಿಯ ಹತ್ತಿರ ಸಿಕ್ಕಿ, 'ನಂಬ್ದೋರೇ ಹಿಂಗ್ ಮಾಡುದ್ರೆ ಹೆಂಗವ್ವ' ಎಂದು ಕಣ್ಣು ಒರೆಸಿಕೊಂಡ. ನನಗೂ ಅಷ್ಟೇ ಹೇಳಲು ಬರುವುದು.

ಪ್ರೇಮಲತಾ

*

ಕುಟ್ಟ
22 ಸೆಪ್ಟೆಂಬರ್ 2025

ತಂಗಿ ಪ್ರೇಮಾ,

ಅಣ್ಣ ಎಂಬುದನ್ನು ತೆಗೆದು ಮೇಷ್ಟ್ರು ಎಂದು ಬರೆದಿದ್ದೀಯ. ಸರಿ.

ಒಂದು ಕೆಲಸ ಮಾಡುತ್ತೇನೆ. ಹನ್ನೊಂದನೇ ಸುತ್ತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಲೂಯಿಸ್ ಒಂಬತ್ತರ ಎಣಿಕೆಗೆ ಎದ್ದ ಎಂದು ಬರೆದು ಸುಕುಮಾರನ್ ಕೈಗೆ ಕೊಡುತ್ತೇನೆ. ಹದಿನೈದು ಸುತ್ತೂ ಆಡಿ ಲೂಯಿಸ್ ಪಾಯಿಂಟಿನ ಮೇಲೆ ಗೆಲ್ಲಲಿ. ಚಾತನ್ ಸಂತೋಷಪಡಲಿ. ಮಾನಸಾ ಕೂಡ ಕೇಳಿಸಿಕೊಳ್ಳಲಿ.

ರಾಜೀನಾಮೆ ಕಳಿಸಲು ಬಿಡಬೇಡ. ದಯವಿಟ್ಟು. ಅವಳದು ಏನೂ ತಪ್ಪಿಲ್ಲ, ನಾನು ತಿಳಿದೇ ಹೇಳುತ್ತಿದ್ದೇನೆ.

ಗುರುಮಲ್ಲಪ್ಪ

*

ತೋಲ್ಪೆಟ್ಟಿ
16 ಅಕ್ಟೋಬರ್ 2025

ಗುರುಮಲ್ಲಪ್ಪ ಮೇಷ್ಟ್ರಿಗೆ,

ತಿಳಿದೇ ಹೇಳುತ್ತಿದ್ದೇನೆ ಎಂದು ಬರೆದಿದ್ದೀರಿ. ಏನು ತಿಳಿದು?

ಆ ಒಂದು ಮಾತು ಹಿಡಿದುಕೊಂಡು ನಾನು ಇಷ್ಟು ದಿನ ಉತ್ತರ ಬರೆಯದೆ ಕೂತೆ. ಕೂತಲ್ಲಿ ನೀವು ಓದಿದ ಸುತ್ತು ಮತ್ತೆ ನೆನಪಾಯಿತು. ಲೂಯಿಸನ ಉಸಿರು 'ಬೇರಿಂಗ್ ಸವೆದ ಮೋಟರಿನ ಹಾಗೆ' ಇತ್ತು ಎಂದು ಓದಿದಿರಿ. ನೀವು ಪಿ.ಟಿ. ಮೇಷ್ಟ್ರು. ಬೇರಿಂಗಿನ ಸದ್ದು ನಿಮಗೆ ಗೊತ್ತಿಲ್ಲ. ನಮ್ಮ ಮನೆಯ ಪಂಪು ಕೆಟ್ಟಾಗ ಅದು ಬೇರಿಂಗೋ ಕಾಯಿಲೋ ಎಂದು ಮೂರು ಮನೆ ಆಚೆ ನಿಂತು ಹೇಳುತ್ತಿದ್ದವರು ಒಬ್ಬರೇ.

ಕಾಟಿಕುಳದಲ್ಲಿರುವ ಇವರ ಅಂಗಡಿಗೆ ಹೋಗಿ ನೋಟ್‌ಬುಕ್ಕು ತೆಗೆದೆ. ಪ್ರತಿ ಸುತ್ತು ಪೋಸ್ಟಿಗೆ ಹಾಕಿದ ತಾರೀಕನ್ನು ಇವರು ಅದರಲ್ಲಿ ಬರೆದಿಡುತ್ತಿದ್ದರು. ಕೊನೆಯ ಸಾಲು ಹೀಗಿದೆ: 'ಹನ್ನೊಂದು — ಜೂನ್ 12, ಗುರುವಾರ.' ಅಂದರೆ ಆ ಪತ್ರ ನಿಮಗೆ ಬಂದಿದೆ. ಇವರು ಹೋಗುವುದಕ್ಕೆ ಒಂದು ತಿಂಗಳ ಮೊದಲೇ ಬಂದಿದೆ. ಅಷ್ಟೂ ದಿನ ವಾಯನಶಾಲೆಯಲ್ಲಿ ಜನ ಕೇಳಿದರೆ ಇವರು, 'ಯೋಚನೆ ಮಾಡ್ತಿದೀನಿ, ಲೂಯಿಸ್ ಸುಸ್ತಾಗಿದಾನೆ' ಎಂದು ನಗುತ್ತಿದ್ದರು.

ಆಮೇಲೆ ನನ್ನ ಡೈರಿ ತೆಗೆದೆ. ನಾನು ದಿನಕ್ಕೆ ನಾಲ್ಕು ಸಾಲು ಬರೆಯುವವಳೆಂದು ನಿಮಗೆ ಗೊತ್ತು. ಜೂನ್ 9, ಸೋಮವಾರ: 'ಇವರು ಗುರುಮಲ್ಲಣ್ಣನ ಜೊತೆ ಮೈಸೂರಿಗೆ ಹೋದರು. ಅಣ್ಣನ ಭಾವಮೈದುನನ ನಿಶ್ಚಿತಾರ್ಥ. ಹಲಸಿನ ಹಪ್ಪಳ ಒಂದು ಡಬ್ಬ ಕೊಟ್ಟು ಕಳಿಸಿದೆ.'

ಕಳೆದ ಬುಧವಾರ ನಿಮ್ಮ ಅತ್ತೆ ಮಾನಂದವಾಡಿಯ ಬಸ್ಸಿನಲ್ಲಿ ಸಿಕ್ಕರು. ಮದುವೆ ಯಾವಾಗ ಎಂದು ಕೇಳಿದೆ. 'ಯಾರ್ದು ಮದ್ವೆ? ನಮ್ ಹುಡುಗಂಗಾ? ಅಯ್ಯೋ, ಇನ್ನೂ ಹೆಣ್ಣೇ ಸಿಕ್ಕಿಲ್ಲ ಕಣವ್ವ. ನಿಮ್ ಕಡೆ ಯಾರಾದ್ರೂ ಇದ್ರೆ ಹೇಳು' ಎಂದರು. ನಾನು ಬಸ್ಸಿನ ಕಂಬಿ ಹಿಡಿದುಕೊಂಡೆ. ಪಾಪ, ಅವರೇ ಎದ್ದು ನನಗೆ ಸೀಟು ಕೊಟ್ಟರು.

ನಿಶ್ಚಿತಾರ್ಥ ಇರಲಿಲ್ಲ. ಹಾಗಾದರೆ ಜೂನ್ 9ರಂದು ನೀವಿಬ್ಬರೂ ಮೈಸೂರಿನಲ್ಲಿ ಎಲ್ಲಿದ್ದಿರಿ?

ಆ ಪತ್ರ ಕಳಿಸಿ. ನಕಲು ಬೇಡ, ಇವರ ಕೈಬರಹವೇ ಬರಬೇಕು. ಮಾನಸಾಳ ರಜೆ ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಅವಳು ರಾಜೀನಾಮೆ ಕಳಿಸಿಬಿಡುತ್ತಾಳೆ. ನಿಮ್ಮ ಹತ್ತಿರ ಇರುವುದು ಅವಳ ಜೀವನವನ್ನು ಉಳಿಸುವಂಥದ್ದಾದರೆ, ಅದನ್ನು ಬಚ್ಚಿಟ್ಟುಕೊಂಡು ನನಗೆ ಲೂಯಿಸ್ ಎದ್ದ ಎಂಬ ಕಥೆ ಕಳಿಸುತ್ತೀರಾ?

ಪ್ರೇಮಲತಾ

*

ಕುಟ್ಟ
25 ಅಕ್ಟೋಬರ್ 2025

ತಂಗಿ,

ಪತ್ರ ಇದರ ಜೊತೆಗಿದೆ. ಪೋಸ್ಟನ್ನು ನಂಬದೆ ಸುಕುಮಾರನ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಕವರ್ ಅಂಟಿಸಿದ್ದೇನೆ, ಅವರು ಓದಿಲ್ಲ.

ಪ್ರಸಾದ ನನ್ನ ಮೇಲೆ ಮಾದಪ್ಪನ ಆಣೆ ಇಟ್ಟಿದ್ದ. ನೀನೂ ನಮ್ಮ ಕಡೆಯವಳು, ಮಾದಪ್ಪನ ಆಣೆ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಇವತ್ತು ಅದನ್ನು ಮುರಿದಿದ್ದೇನೆ. ನನಗೆ ಬರುವುದು ಬರಲಿ.

ವಾಯನಶಾಲೆಯಲ್ಲಿ ಓದು ಎಂದವನೂ ಅವನೇ. ಇದು ಪ್ರಸಾದ ಬರೆದದ್ದು ಎಂದರೆ ಉಳಿದ ಕಾಗದ ಎಲ್ಲಿ ಎಂದು ನೀವು ಕೇಳುತ್ತಿದ್ದಿರಿ. ಅದಕ್ಕೇ ನಾನು ಬರೆದೆ ಎಂದೆ. ನಮ್ಮ ನಿಯಮ ಅಲ್ಲಿದ್ದವರಿಗೆಲ್ಲ ಬಾಯಿಪಾಠ, ಆ ಸುಳ್ಳು ನಿಲ್ಲುವುದಿಲ್ಲ ಎಂಬುದು ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ. ಫೌಲು ಮಾಡಿದವನು ಎನ್ನಿಸಿಕೊಂಡೆ. ಅದನ್ನು ತಡೆದುಕೊಂಡೆ. ಮಾನಸಾಳ ಸುದ್ದಿ ಗೊತ್ತಾದ ಮೇಲೂ ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದು ನನ್ನದೇ ತಪ್ಪು.

ಗುರುಮಲ್ಲಪ್ಪ

*

ತೋಲ್ಪೆಟ್ಟಿ
12 ಜೂನ್ 2025

ಲೋ ಗುರು,

ನಿನ್ನ ಹತ್ತನೇ ಸುತ್ತು ಚೆನ್ನಾಗಿದೆ. ಅಲಿ ಎಡಕ್ಕೆ ಸುತ್ತುತ್ತಾ ಜ್ಯಾಬ್ ಹಾಕುವುದನ್ನು ಓದುತ್ತಿದ್ದರೆ ನನಗೇ ಅವನ ಮೇಲೆ ಪ್ರೀತಿ ಬಂತು. ಈಗ ಹನ್ನೊಂದು.

ಗಂಟೆ ಹೊಡೆಯಿತು. ಲೂಯಿಸ್ ಸ್ಟೂಲಿನಿಂದ ಎದ್ದ. ನೋಡಿದರೆ ಇವನು ನಾವು ಕರೆತಂದ 1938ರ ಲೂಯಿಸ್ ಅಲ್ಲ, 1951ರಲ್ಲಿ ಕೊನೆಯ ಸಲ ಆಡಿ ಸೋತವನು. ನೆತ್ತಿಯ ಕೂದಲು ತೆಳುವಾಗಿದೆ. ವಯಸ್ಸು ಮೂವತ್ತೇಳು. ಕೂತ ಒಂದು ನಿಮಿಷದಲ್ಲಿ ಅವನಿಗೆ ಹದಿಮೂರು ವರ್ಷ ಕಳೆದುಹೋಗಿದೆ. ಫೌಲು ಅನ್ನಬೇಡ. ಇಪ್ಪತ್ತೆರಡು ವರ್ಷ ನಾವು ಎಲ್ಲರನ್ನೂ ಅವರ ಒಳ್ಳೆಯ ವರ್ಷದಲ್ಲೇ ಕರೆತಂದೆವು. ನಮ್ಮ ಆಟದ ಸುಳ್ಳು ಇದ್ದದ್ದು ಅಲ್ಲೇ. ಯಾರು ಬಂದಿದ್ದಾರೆ ಹೇಳು, ತನ್ನ ಒಳ್ಳೆಯ ವರ್ಷವನ್ನು ಆರಿಸಿಕೊಂಡು? ಕರೆ ಬಂದ ದಿನ ಎಷ್ಟು ವಯಸ್ಸೋ ಅಷ್ಟಕ್ಕೇ ಹಗ್ಗ ಎತ್ತಿ ಒಳಗೆ ನುಗ್ಗಬೇಕು.

ಅವನ ಉಸಿರು ಬೇರಿಂಗ್ ಸವೆದ ಮೋಟರಿನ ಹಾಗೆ ಕೇಳಿಸುತ್ತಿದೆ. ಆದರೂ ಮುಂದೆ ಹೋದ. ಎರಡು ಜ್ಯಾಬ್ ಹಾಕಿದ, ಎರಡೂ ತಗುಲಿದವು. ಮೂರನೆಯದನ್ನು ವಾಪಸ್ ಎಳೆದುಕೊಳ್ಳುವಾಗ ಕೈ ಕೆಳಗಿಳಿಯಿತು. ಅದರ ಮೇಲಿಂದ ಅಲಿಯ ಬಲಗೈ ಬಂತು. ಲೂಯಿಸ್ ಕೂತ ಹಾಗೆ ಬಿದ್ದ. ರೆಫರಿಯ ಎಣಿಕೆ ನಾಲ್ಕಕ್ಕೆ ಬಂದಾಗ ಕಣ್ಣು ಬಿಟ್ಟ. ಏಳಕ್ಕೆ ಮಂಡಿ ಊರಿದ. ಏಳಬಹುದಿತ್ತು. ಕಾಲಿನಲ್ಲಿ ಅಷ್ಟು ಬಲ ಇತ್ತು. ಏಳಲಿಲ್ಲ. ಹತ್ತು.

ಇಷ್ಟನ್ನು ನಾನು ಹೋದ ಮೇಲೆ ವಾಯನಶಾಲೆಯಲ್ಲಿ ಓದು. ಜನ ಕಾಯುತ್ತಿರುತ್ತಾರೆ. ಇದರ ಕೆಳಗಿನದನ್ನು ಓದಬೇಡ.

ಮೊನ್ನೆ ಬಸ್ಸಿನಲ್ಲಿ ಹುಣಸೂರಿನ ತನಕ ನನ್ನನ್ನು ಬೈದೆ, ಆಮೇಲೆ ಮಾತು ಬಿಟ್ಟೆ. ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೀಯ. ಈ ವಾರವೇ ಎದೆ ತೆರೆದು ಆ ನಾಳ ಸರಿಮಾಡಿದರೆ ಹತ್ತರಲ್ಲಿ ಎಂಟು ಜನ ಉಳಿಯುತ್ತಾರೆ. ಬಿಟ್ಟರೆ ನಾಳೆಯೋ, ಮುಂದಿನ ವರ್ಷವೋ. ನಮ್ಮ ಅಪ್ಪನಿಗೂ ಹತ್ತರಲ್ಲಿ ಎಂಟು ಎಂದೇ ಹೇಳಿದ್ದರು. ಮೇಜಿನಿಂದ ಅವರನ್ನು ಬಿಳಿ ಬಟ್ಟೆ ಸುತ್ತಿ ತಂದು ಕೊಟ್ಟರು. ಆಗ ನನಗೆ ಹತ್ತೊಂಬತ್ತು. ನನಗೆ ಭಯ ಕಣೋ. ನೂರ ಎರಡು ಕಿಲೋ ತೂಗುವ ಗಂಡಸು, ಭಯ ಅಂತ ಬರೆಯುತ್ತಿದ್ದೇನೆ. ನೀನೊಬ್ಬನೇ ಓದು.

ಪ್ರೇಮಾಳಿಗೆ ಗೊತ್ತಾದರೆ ಹೊತ್ತುಕೊಂಡಾದರೂ ಆಸ್ಪತ್ರೆಗೆ ಹೋಗುತ್ತಾಳೆ. ಅವಳ ಹತ್ತಿರ ಯಾವ ಆಟದಲ್ಲೂ ನಾನು ಗೆದ್ದಿಲ್ಲ. ಇನ್ನೊಂದು, ಈಗ ಅವಳು ನನ್ನನ್ನು ದಿನಾ ಬೈಯುತ್ತಾಳೆ. ಕಾಲು ಒರೆಸದೆ ಬಂದೆ, ಲೈಟು ಆರಿಸಲಿಲ್ಲ, ಟವೆಲು ಎಲ್ಲೆಂದರಲ್ಲಿ ಬಿಸಾಡಿದೆ ಅಂತ. ಗೊತ್ತಾದ ದಿನ ಬೈಯುವುದನ್ನು ನಿಲ್ಲಿಸಿಬಿಡುತ್ತಾಳೆ. ನನ್ನನ್ನು ಮೆಲ್ಲಗೆ ಮಾತಾಡಿಸುತ್ತಾಳೆ. ಅದನ್ನು ನಾನು ತಡೆಯಲಾರೆ. ಮಾನಸಾಳಿಗೂ ಬೇಡ. ಇಬ್ಬರಿಗೂ ಹೇಳುವುದಿಲ್ಲ ಎಂದು ಮಾದಪ್ಪನ ಆಣೆ ಇಟ್ಟಿದ್ದೇನೆ ನಿನ್ನ ಮೇಲೆ.

ನಿಶ್ಚಿತಾರ್ಥ ಹೇಗಾಯಿತು ಎಂದು ಪ್ರೇಮಾ ಕೇಳಿದಳು. ಹುಡುಗಿ ಚೆನ್ನಾಗಿದ್ದಾಳೆ, ಸ್ವಲ್ಪ ಕುಳ್ಳಿ ಎಂದೆ. ನೀನೂ ಹಾಗೇ ಹೇಳು.

ಪ್ರಸಾದ

*

ತೋಲ್ಪೆಟ್ಟಿ
23 ನವೆಂಬರ್ 2025

ಗುರುಮಲ್ಲಪ್ಪ ಮೇಷ್ಟ್ರಿಗೆ,

ಇದನ್ನು ಬರೆಯಲು ನಾಲ್ಕು ವಾರ ಹಿಡಿಯಿತು.

ಮೊದಲು ಮಾನಸಾಳ ವಿಷಯ. ಪತ್ರ ಅವಳಿಗೆ ಕೊಡುವುದೋ ಬೇಡವೋ ಎಂದು ಎರಡು ದಿನ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಕೊಟ್ಟರೆ ಮಗಳು ಉಳಿಯುತ್ತಾಳೆ, ಅವಳ ಮನಸ್ಸಿನಲ್ಲಿರುವ ಅಪ್ಪ ಹೋಗುತ್ತಾನೆ. ಬಚ್ಚಿಟ್ಟರೆ ನನಗೂ ನಿಮಗೂ ವ್ಯತ್ಯಾಸ ಏನು ಎನ್ನಿಸಿತು. ಕೊಟ್ಟೆ.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಓದಿದಳು. ಮೊದಲು ನರ್ಸಿನ ಹಾಗೆ ಓದಿದಳು. 'ಎಷ್ಟು ಸೆಂಟಿಮೀಟರ್ ಊದಿತ್ತು ಅಂತ ಬರ್ದೇ ಇಲ್ಲ' ಎಂದಳು. ಆಮೇಲೆ ತಾರೀಕು ನೋಡಿದಳು. 'ಅಮ್ಮಾ, ಅಪ್ಪ ನಂಗೆ ಬೆನ್ನುನೋವು ಅಂತ ಫೋನ್ ಮಾಡಿದ್ದು ಜೂನ್ ಇಪ್ಪತ್ತೆಂಟಕ್ಕೆ. ಇದು ಹನ್ನೆರಡನೇ ತಾರೀಕು. ಎಲ್ಲಾ ಗೊತ್ತಿದ್ದೂ ಕೇಳಿದ್ರಾ? ನಾನು ಕಂಡುಹಿಡೀತೀನಾ ಅಂತ ನೋಡೋಕಾ? ಕಂಡುಹಿಡಿಯಲ್ಲ ಅಂತ ಗೊತ್ತು ಮಾಡ್ಕೊಳ್ಳೋಕಾ?' ಮಗಳ ದನಿ ಕೇಳಬೇಕೆನ್ನಿಸಿ ಮಾಡಿರಬೇಕು ಎಂದೆ. 'ದನಿ ಕೇಳೋಕೆ ಬೇರೆ ಮಾತು ಸಿಗ್ಲಿಲ್ವಾ' ಎಂದಳು.

ರಾಜೀನಾಮೆಯನ್ನು ಹರಿದು ಒಲೆಗೆ ಹಾಕಿದಳು. ನಾಲ್ಕನೇ ತಾರೀಕು ಡ್ಯೂಟಿಗೆ ಸೇರಿದ್ದಾಳೆ. ಹೊರಡುವ ಮೊದಲು ಅಪ್ಪನ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಹೋದಳು. ನಾನು ಸರಿಮಾಡಿಲ್ಲ.

ಎರಡನೆಯದು ಆಟದ ವಿಷಯ. ಹೋದ ಭಾನುವಾರ ನಾನೇ ವಾಯನಶಾಲೆಗೆ ಹೋಗಿ, ಹನ್ನೊಂದನೇ ಸುತ್ತು ಇವರದೇ ಕೈಬರಹದಲ್ಲಿದೆ, ಗುರುಮಲ್ಲಪ್ಪ ಮೇಷ್ಟ್ರು ಆಟದಲ್ಲಿ ಮೋಸ ಮಾಡಿಲ್ಲ ಎಂದು ಎದ್ದು ನಿಂತು ಹೇಳಿದೆ. ಮಡಚಿ ಹಿಡಿದು ಮೇಲಿನ ಅರ್ಧವನ್ನು ತೋರಿಸಿದೆ. ಉಳಿದದ್ದು ಯಾರಿಗೂ ಹೇಳಿಲ್ಲ. ಸುಕುಮಾರನ್ ಮಲಯಾಳದಲ್ಲಿ ಓದಿ ಹೇಳಿದರು. ಚಾತನ್ ಮಾಮನನ್ನು ನಾನೇ ಕರೆಸಿದ್ದೆ. ಕೇಳಿ ಮುಗಿಸಿ, 'ಅವ್ನೇ ಬೀಳ್ಸಿದ್ರೆ ಅವ್ನೇ ಫೌಲು' ಎಂದು ಟವೆಲ್ ಕೊಡವಿ ಎದ್ದುಹೋದ. ಅಲ್ಲಿದ್ದವರು ನಕ್ಕರು. ನಾನು ನಗಲಿಲ್ಲ, ಅವನು ಹೇಳಿದ್ದು ಸರಿ.

ಹೆಸರಿನ ಮೇಲಿನ ಕಳಂಕ ಹೋಯಿತೆಂದು ನನ್ನನ್ನು ನೋಡಲು ಬರಬೇಡಿ. ಹೋಗಿರುವುದು ಆಟದ ಮೋಸದ ಕಳಂಕ ಮಾತ್ರ.

ಆ ಪತ್ರ ಪೋಸ್ಟಿಗೆ ಹಾಕಿದ ದಿನ, ಜೂನ್ 12ರಂದು, ನನ್ನ ಡೈರಿಯಲ್ಲಿ ಹೀಗಿದೆ: 'ಇವರು ಇವತ್ತು ಖುಷಿಯಾಗಿದ್ದಾರೆ. ನೇಂದ್ರ ಬಾಳೆಗೊನೆ ಹೆಗಲ ಮೇಲೆ ಹೊತ್ತು ತಂದರು. ಒರೆಸಿದ ನೆಲದ ಮೇಲೆ ಕೆಸರು ಕಾಲಿಟ್ಟರು. ಬೈದೆ. ನಕ್ಕರು.' ಅಂಥ ಸಾಲುಗಳು ಜುಲೈ 19ರವರೆಗೆ ಇವೆ. ಎಲ್ಲ ನಾನೇ ಬರೆದದ್ದು, ಎಲ್ಲ ಕಣ್ಣಾರೆ ಕಂಡದ್ದು. ಈಗ ಓದಿದರೆ ಒಂದೂ ನಿಜವಲ್ಲ. ನಾನು ಬೈದದ್ದು ಚೆನ್ನಾಗಿರುವ ಗಂಡನನ್ನು. ಕೇಳಿಸಿಕೊಂಡು ನಿಂತವರು ಬೇರೆಯವರು. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಸಿಗದ ಮನುಷ್ಯನನ್ನು ನೀವು ಮೈಸೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಬಂದಿರಿ. ಆಮೇಲೆ ಎರಡು ಸಲ ನಮ್ಮ ಮನೆಗೆ ಬಂದಿರಿ. ನಾನು ರೊಟ್ಟಿ ಹಾಕಿದೆ. 'ಹುಡುಗಿ ಕುಳ್ಳಿ' ಎಂದು ನೀವೂ ಹೇಳಿದಿರಿ, ನಾನು ನಂಬಿ, ಕುಳ್ಳಾದರೇನು ಗುಣ ಮುಖ್ಯ ಎಂದೆ.

ನನಗೆ ಗೊತ್ತಾಗಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆ ಎಂದು ಬರೆದಿದ್ದಾರೆ. ಹೌದು, ಹೋಗುತ್ತಿದ್ದೆ. ಹತ್ತರಲ್ಲಿ ಎಂಟು. ಆ ಎಂಟನ್ನು ನನ್ನ ಕೈಯಿಂದ ಕಿತ್ತುಕೊಂಡವರು ಇಬ್ಬರು. ಒಬ್ಬರನ್ನು ಇನ್ನು ಕೇಳುವ ಹಾಗಿಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಜೂನ್ 9ರಿಂದ ಜುಲೈ 20ರವರೆಗೆ ನಲವತ್ತೊಂದು ದಿನ. ಅಷ್ಟು ದಿನ ಇವರು ನಿಮ್ಮ ಹತ್ತಿರ ನಿಜವಾಗಿ ಏನೇನು ಮಾತಾಡಿದರೋ ಎಲ್ಲ ಬರೆದು ಕಳಿಸಿ. ಫೋನಿನಲ್ಲಿ ಆಡಿದ್ದು, ಅಂಗಡಿಯಲ್ಲಿ ಆಡಿದ್ದು, ಅತ್ತದ್ದು, ನನ್ನನ್ನು ಆಡಿಕೊಂಡು ನಕ್ಕಿದ್ದರೆ ಅದೂ. ಸೊಗಸಾಗಿ ಬರೆಯಬೇಡಿ. ಏನನ್ನೂ ಮುಚ್ಚಬೇಡಿ, ನನಗೆ ನೋವಾಗುತ್ತದೆ ಎಂದು ಬಿಡಬೇಡಿ. ಬರೆದು ಮುಗಿದರೆ ಕ್ಷಮಿಸುತ್ತೇನೆ ಎಂದು ನಾನು ಹೇಳುತ್ತಿಲ್ಲ, ಆ ಆಸೆಯಿಂದ ಬರೆಯುವುದೂ ಬೇಡ. ನಿಮ್ಮನ್ನು ಬಿಟ್ಟರೆ ಇನ್ನು ಯಾರ ಹತ್ತಿರವೂ ಆ ದಿನಗಳು ಇಲ್ಲ, ಅಷ್ಟಕ್ಕೇ ಕೇಳುತ್ತಿರುವುದು.

ಮೊದಲನೆಯ ದಿನದಿಂದ ಶುರುಮಾಡಿ. ಡಾಕ್ಟರ ಕೋಣೆಯಿಂದ ಹೊರಗೆ ಬಂದು ಇವರು ಮೊದಲು ಆಡಿದ ಮಾತು ಯಾವುದು?

ಪ್ರೇಮಲತಾ